ಸ್ಪೀಡ್ ಏರಿತು, ಡೇಟಾ ಸಂಜೆಗೇ ಖಾಲಿ: ನಾನು ಮಾಡಿಕೊಂಡ ಏರ್ಪಾಡು

ಮಂಡ್ಯದ ಕೆಲವು ಅಂಗಡಿಗಳಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಹಾರ್ಡ್‌ವೇರ್, ಗೊಬ್ಬರ, ಟೈರು, ಹೀಗೆ. ಮನೆ ಕೆರಗೋಡು ರಸ್ತೆ ಕಡೆ, ಪೇಟೆಯಿಂದ ಆಚೆ. ಫೈಬರ್ ಲೈನ್ ನಮ್ಮ ಬೀದಿಗೆ ಇನ್ನೂ ಬಂದಿಲ್ಲ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್‌ಗೆ ಕೊಟ್ಟರೇನೇ ನನ್ನ ಆಫೀಸು ತೆರೆಯುವುದು.

ಈ ಕೆಲಸಕ್ಕೆ ಡೇಟಾ ಎಷ್ಟು ಬೇಕು? ತೀರಾ ಕಮ್ಮಿ. ಪೋರ್ಟಲ್ ತೆರೆದು, ಬಿಲ್ಲುಗಳ ಫೈಲ್ ಏರಿಸಿ, ಒಟಿಪಿ ಹಾಕಿ ಮುಗಿಸಿದರೆ ಕೆಲವೇ ಎಂಬಿ. ಆದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತಿಂಗಳ ತೆರಿಗೆ ಲೆಕ್ಕ) ಹೋಗಲೇಬೇಕು. ತಪ್ಪಿದರೆ ದಿನದ ಲೆಕ್ಕದಲ್ಲಿ ಲೇಟ್ ಫೀ. ನಮ್ಮದು ದಿನಕ್ಕೆ 1.5 ಜಿಬಿ ಪ್ಲಾನ್. ಹಾಟ್‌ಸ್ಪಾಟ್ ಮನೆಮಂದಿಗೆಲ್ಲಾ. ಆ ಎರಡು ದಿನಗಳಲ್ಲೇ ಸಂಜೆ ಹೊತ್ತಿಗೆ 'ನಿಮ್ಮ ಡೇಟಾ 90% ಮುಗಿದಿದೆ' ಅಂತ ಮೆಸೇಜ್ ಬರುತ್ತಿತ್ತು.

ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕೆಬಿ. ಒಂದು ಎಂಬಿ ಬರಲು ಎರಡು ನಿಮಿಷದ ಮೇಲೆ. ವಾಟ್ಸಾಪ್‌ನಲ್ಲಿ ಬರೀ ಅಕ್ಷರ ಹೋಗುತ್ತದೆ. ಪೋರ್ಟಲ್ ಮಾತ್ರ ಅರ್ಧ ತೆರೆದು ನಿಂತು, 'ಸೆಷನ್ ಮುಗಿದಿದೆ' ಅಂತ ಹೊರಗೆ ಹಾಕುತ್ತದೆ. ಮತ್ತೆ ಲಾಗಿನ್, ಮತ್ತೆ ಕ್ಯಾಪ್ಚಾ. ಆ ಕ್ಯಾಪ್ಚಾ ಚಿತ್ರ ಮೂಡುವುದನ್ನೇ ಕಾಯುತ್ತಾ ಕೂತವರಿಗೆ ಗೊತ್ತು ಆ ಸಂಕಟ.

ಸ್ಪೀಡ್ ಸಾಲದೆ ಹೀಗಾಗುತ್ತಿರಲಿಲ್ಲ. ಇದ್ದ ಸ್ಪೀಡೇ ಇದಕ್ಕೆ ಕಾರಣ. ಲೆಕ್ಕ ಹಾಕಿ ನೋಡಿ. ಕಂಪನಿಯವರು ಸ್ಪೀಡ್ ಹೇಳುವುದು ಬಿಟ್‌ನಲ್ಲಿ, ಡೇಟಾ ಅಳೆದುಕೊಡುವುದು ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಸಿಕ್ಕರೆ ಸೆಕೆಂಡಿಗೆ 12.5 ಎಂಬಿ. ದಿನದ 1.5 ಜಿಬಿ ಬರೀ ಎರಡು ನಿಮಿಷದ ಮಾತು. ನಮ್ಮ ಮಾವ ಇದನ್ನು ಕೇಳಿ, "ನಾಲೆ ತೂಬು ಅಗ್ಲ ಮಾಡವ್ರೆ, ಬುಡೋ ನೀರು ಮಾತ್ರ ಅಷ್ಟೇಯ" ಅಂದರು. ವಿ.ಸಿ. ನಾಲೆ ನೀರಲ್ಲಿ ಬೇಸಾಯ ಮಾಡಿದವರು, ಇನ್ನೇನು ಹೇಳಿಯಾರು.

ಎರಡು ನಿಮಿಷ ಯಾರು ಡೌನ್‌ಲೋಡ್ ಮಾಡುತ್ತಾ ಕೂರುತ್ತಾರೆ ಅಂತ ನೀವು ಕೇಳಬಹುದು. ಯಾರೂ ಕೂರಬೇಕಿಲ್ಲ, ಆ್ಯಪ್‌ಗಳೇ ಮಾಡಿಕೊಳ್ಳುತ್ತವೆ. ವಿಡಿಯೊ ಆ್ಯಪ್ ಲೈನಿನ ವೇಗ ನೋಡಿಕೊಂಡು ಗುಣಮಟ್ಟ ಏರಿಸುತ್ತದೆ. ನಿಧಾನ ಇದ್ದಾಗ 360ರಲ್ಲಿ ಓಡುತ್ತಿದ್ದ ಅದೇ ವಿಡಿಯೊ, ವೇಗ ಸಿಕ್ಕ ಕೂಡಲೇ 1080ಕ್ಕೆ ಹೋಗುತ್ತದೆ. ಚಿಕ್ಕ ಚಿಕ್ಕ ರೀಲ್ಸ್‌ನದು ಇನ್ನೊಂದು ಕಥೆ. ನೀವು ಒಂದನ್ನು ನೋಡುತ್ತಿರುವಾಗಲೇ ಮುಂದಿನ ಕೆಲವನ್ನು ತಂದಿಟ್ಟುಕೊಂಡಿರುತ್ತವೆ. ನೋಡದೆ ತಳ್ಳಿದರೂ ಆ ಡೇಟಾ ಲೆಕ್ಕಕ್ಕೆ ಬಿತ್ತು.

ಹಾಗಾಗಿ ಮೊದಲು ಅಳತೆಗೆ ಕೂತೆ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಸಾಲಾಗಿ ಬರುತ್ತದೆ. ನಾನು ಕೆಲಸ ಮಾಡುವ ಬ್ರೌಸರ್ ಎಲ್ಲೋ ಕೆಳಗಿತ್ತು. ವಿಡಿಯೊ ಮೇಲಿತ್ತು, ಅದು ಗೊತ್ತಿದ್ದದ್ದೇ. ಅದರ ಕೆಳಗೇ ವಾಟ್ಸಾಪ್ ಕೂತಿತ್ತು. ನೆಂಟರ ಗುಂಪಿನ ಶುಭೋದಯ, ದೇವರ ವಿಡಿಯೊ, ಅದನ್ನೇ ಇನ್ನೊಬ್ಬರು ಕಳಿಸಿದ್ದು, ಎಲ್ಲವೂ ತಾನಾಗೇ ಇಳಿಯುತ್ತಿದ್ದವು. ವಾಟ್ಸಾಪ್‌ನ 'ಸ್ಟೋರೇಜ್ ಅಂಡ್ ಡೇಟಾ'ಕ್ಕೆ ಹೋಗಿ, ಮೊಬೈಲ್ ಡೇಟಾದಲ್ಲೂ ವೈಫೈಯಲ್ಲೂ ಆಟೊ ಡೌನ್‌ಲೋಡ್ ತೆಗೆದುಹಾಕಿದೆ. ಈಗ ಬೇಕಾದ್ದನ್ನು ಮುಟ್ಟಿದರೆ ಮಾತ್ರ ಇಳಿಯುತ್ತದೆ. ಯಾರೂ ಬೇಜಾರು ಮಾಡಿಕೊಂಡಿಲ್ಲ, ಯಾಕೆಂದರೆ ಯಾರಿಗೂ ಗೊತ್ತೇ ಆಗಿಲ್ಲ.

ಆದರೆ ಫೋನಿನ ಆ್ಯಪ್‌ಗಳಿಗಿಂತ ಹೆಚ್ಚು ಡೇಟಾ ನುಂಗುತ್ತಿದ್ದದ್ದು ಲ್ಯಾಪ್‌ಟಾಪ್. ಹಾಟ್‌ಸ್ಪಾಟ್ ಕೊಟ್ಟರೆ ಅದು ವೈಫೈ ಅಂದುಕೊಳ್ಳುತ್ತದೆ. ವೈಫೈ ಅಂದರೆ ಅದರ ಪಾಲಿಗೆ ಧಾರಾಳ. ವಿಂಡೋಸ್ ಅಪ್‌ಡೇಟ್ ಶುರು, ಫೈಲ್‌ಗಳ ಬ್ಯಾಕಪ್ ಶುರು. ಲೈನ್ ನಿಧಾನವಿದ್ದಾಗ ಇದೇ ಅಪ್‌ಡೇಟ್ ಕುಂಟುತ್ತಾ ದಿನಗಟ್ಟಲೆ ಎಳೆಯುತ್ತಿತ್ತು. ವೇಗ ಬಂದ ಮೇಲೆ ನಾನು ಟೀ ಮಾಡಿ ತರುವುದರೊಳಗೆ ಇಳಿದು ಮುಗಿದಿರುತ್ತಿತ್ತು, ಜೊತೆಗೆ ಆ ದಿನದ ಡೇಟಾನೂ. ವೈಫೈ ಹೆಸರಿನ ಪ್ರಾಪರ್ಟೀಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಅಂತ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದರೆ ದೊಡ್ಡ ಅಪ್‌ಡೇಟ್‌ಗಳು ತಡೆದು ನಿಲ್ಲುತ್ತವೆ. ಇಷ್ಟರಲ್ಲಿ ಒಂದೇ ಒಂದನ್ನು ಮಾಡಿ ಅಂದರೆ ನಾನು ಇದನ್ನೇ ಹೇಳುವುದು.

ಅತ್ತೆಯ ಧಾರಾವಾಹಿಗೆ ಕೈ ಹಾಕಲು ಸ್ವಲ್ಪ ಧೈರ್ಯ ಬೇಕಾಯಿತು. ಆ್ಯಪ್‌ನಲ್ಲಿ ಮೊಬೈಲ್ ಡೇಟಾಗೆ 'ಡೇಟಾ ಸೇವರ್' ಇಟ್ಟು ಫೋನ್ ಅವರ ಕೈಗೆ ಕೊಟ್ಟೆ. ಎಪಿಸೋಡ್ ಅರ್ಧ ಆದ ಮೇಲೆ, ಚೆನ್ನಾಗಿ ಕಾಣುತ್ತಾ ಅಂತ ಕೇಳಿದೆ.

"ಕಾಣ್ದೆ ಏನವ್ವ? ಅದೇ ಮೊಕ, ಅದೇ ಜಗ್ಳ. ಸುಮ್ನಿರು, ಕೇಳುಸ್ಕೊಬೇಕು."

ಅಂಗೈಯಗಲದ ಪರದೆಯಲ್ಲಿ 480ಕ್ಕೂ 1080ಕ್ಕೂ ಅವರಿಗೆ ಏನೂ ವ್ಯತ್ಯಾಸವಿಲ್ಲ. ಮಗನ ಪಿಯು ಪಾಠದ ವಿಡಿಯೊಗೆ ಮಾತ್ರ 720 ಬಿಟ್ಟಿದ್ದೇನೆ. ಬೋರ್ಡ್ ಮೇಲಿನ ಸಣ್ಣ ಅಕ್ಷರ ಮಸುಕಾದರೆ ಪಾಠ ಕೇಳಿ ಏನು ಬಂತು? ಅವನು ರಾತ್ರಿ ಮಲಗುವ ಮುಂಚೆ, ಆ ದಿನ ಉಳಿದ ಡೇಟಾದಲ್ಲಿ ನಾಳೆಯ ಪಾಠ ಇಳಿಸಿಟ್ಟುಕೊಳ್ಳುತ್ತಾನೆ. 12 ಗಂಟೆ ಹೊಡೆದರೆ ಉಳಿದದ್ದು ಹೋಯಿತು, ನಾಳೆಗೆ ಸೇರುವುದಿಲ್ಲ. ಅದನ್ನು ಪೋಲಾಗಲು ಯಾಕೆ ಬಿಡಬೇಕು ಅಲ್ವಾ?

ಅನ್‌ಲಿಮಿಟೆಡ್ 5ಜಿ ಹಾಕಿಸಬಾರದಾ ಅಂತ ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ತಮ್ಮ ಕೇಳುತ್ತಲೇ ಇರುತ್ತಾನೆ. 2022ರ ಅಕ್ಟೋಬರ್‌ನಲ್ಲಿ 5ಜಿ ಬಂದ ಹೊಸದರಲ್ಲಿ ಅದನ್ನು ಧಾರಾಳವಾಗಿ ಹಂಚುತ್ತಿದ್ದರು. 2024ರ ಜುಲೈನಲ್ಲಿ ದರ ಏರಿದಾಗ, ಹೆಚ್ಚಿನಂಶ ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಜಾಸ್ತಿ ಇರುವ ಪ್ಲಾನ್‌ಗಳಿಗೆ ಮಾತ್ರ ಅಂತಾಯಿತು. ತಮ್ಮನಿಗೆ ಅದು ಸರಿಯಾಗಿ ಹೊಂದಿದೆ, ಅವನ ಮನೆಯೊಳಗೆ ಪೂರ್ತಿ 5ಜಿ. ನಮ್ಮಲ್ಲಿ ತಾರಸಿ ಮೇಲೆ 5ಜಿ, ನಾನು ಕೆಲಸ ಮಾಡುವ ನಡುಮನೆಯಲ್ಲಿ 4ಜಿ. 5ಜಿಗೆ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳಿಗೆ ಗೋಡೆ ದಾಟುವ ಶಕ್ತಿ ಕಮ್ಮಿ. ಫೋನ್ 4ಜಿಗೆ ಇಳಿದ ಕ್ಷಣದಿಂದ ದಿನದ ಮಿತಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಹಾಗಿದ್ದ ಮೇಲೆ ಜಾಸ್ತಿ ದುಡ್ಡು ಕೊಟ್ಟು ನಾನು ತಾರಸಿ ಮೇಲೆ ರಿಟರ್ನ್ ಹಾಕಬೇಕಾ? ಹಾಕಿಸುವ ಮುಂಚೆ, ನೀವು ಕೂರುವ ಜಾಗದಲ್ಲೇ ಫೋನ್ ಇಟ್ಟು, ಪರದೆಯ ಮೇಲ್ತುದಿಯಲ್ಲಿ 4ಜಿ ತೋರಿಸುತ್ತದೋ 5ಜಿ ತೋರಿಸುತ್ತದೋ ಅಂತ ಒಂದು ವಾರ ನೋಡಿ. ಸ್ಪೀಡ್ ಟೆಸ್ಟ್ ಮಾಡುತ್ತಾ ಕೂರಬೇಡಿ. 300 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡ್ ಓಡಿದರೆ ಅದೇ 375 ಎಂಬಿ ತಿನ್ನುತ್ತದೆ.

ಇಷ್ಟೆಲ್ಲಾ ಆದ ಮೇಲೆ ಕೆಲಸಕ್ಕೆ ಅಂತಲೇ ಇನ್ನೊಂದು ಸಿಮ್ ಮಾಡಿಸಿದೆ. ಅದಕ್ಕೆ ದಿನದ ಮಿತಿಯ ಪ್ಲಾನ್ ಹಾಕಿಸಲಿಲ್ಲ. ತಿಂಗಳಿಗೆ ಒಟ್ಟು ಇಷ್ಟು ಜಿಬಿ ಅಂತ ಕೊಡುವ ಪ್ಲಾನ್‌ಗಳಿವೆ, ಅಂಥದ್ದು. ನನ್ನ ಕೆಲಸ ದಿನಾ ಒಂದೇ ಸಮ ಇರುವುದಿಲ್ಲ. ವಾರಗಟ್ಟಲೆ ಏನೂ ಬೇಡ, 11 ಮತ್ತು 20ರ ಆಸುಪಾಸಿನಲ್ಲಿ ಎಷ್ಟಿದ್ದರೂ ಬೇಕು. ಆ ಸಿಮ್‌ನ ಹಾಟ್‌ಸ್ಪಾಟ್ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಹೇಳಿಲ್ಲ, ಮಗನಿಗಂತೂ ಇಲ್ಲವೇ ಇಲ್ಲ.

ರೀಚಾರ್ಜ್ ತಾರೀಕಿನದೂ ಒಂದು ವಿಷಯ ಇದೆ. 28 ದಿನದ ಪ್ಲಾನ್ ಆದರೆ ವರ್ಷಕ್ಕೆ 13 ಸಲ ಹಾಕಿಸಬೇಕು, ಮುಗಿಯುವ ದಿನ ತಿಂಗಳು ತಿಂಗಳು ಹಿಂದೆ ಸರಿಯುತ್ತಾ ಒಂದು ಸಲ ಸರಿಯಾಗಿ 20ಕ್ಕೇ ಬಂದು ನಿಲ್ಲುತ್ತದೆ. ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಪ್ಲಾನ್ ಒಂದಾದರೂ ಇಡಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2022ರಲ್ಲೇ ಕಂಪನಿಗಳಿಗೆ ಹೇಳಿದೆ. ಅಂಗಡಿಯವರು ತಾವಾಗಿ ಅದನ್ನು ತೋರಿಸುವುದು ಕಮ್ಮಿ, ಕೇಳಿದರೆ ಹುಡುಕಿ ಹಾಕಿಕೊಡುತ್ತಾರೆ. ಮನೆ ಸಿಮ್‌ಗೆ ನಾನು ಅದನ್ನು 25ನೇ ತಾರೀಕಿಗೆ ಇಟ್ಟುಕೊಂಡಿದ್ದೇನೆ, ಎರಡೂ ರಿಟರ್ನ್ ಹೋದ ಮೇಲೆ.