ಅಡ್ವಾನ್ಸ್ ತಗೊಂಡು ಓಡಿಹೋದವರು: ಸ್ಟೇಷನ್‌ಗಳಲ್ಲಿ ಟ್ರೇನಿಂಗ್ ಕೊಟ್ಟ ನನ್ನ ಅನುಭವ

ಮೊದಲನೇ ಟ್ರೇನಿಂಗಲ್ಲೇ ನಂಗೆ ಸರಿಯಾಗಿ ಬಿತ್ತು. ಮಡಿಕೇರಿಯ ಒಂದು ಹಾಲ್, ಬೇರೆ ಬೇರೆ ಸ್ಟೇಷನ್‌ಗಳಿಂದ ಬಂದ ಪೊಲೀಸ್ನೋರು, ನಾನು ಪಿಪಿಟಿ ಹಾಕ್ಕೊಂಡು ‘ಮಾನವ ಕಳ್ಳಸಾಗಣೆ’ ಅಂತ ಶುರು ಮಾಡಿದ್ದೇ ತಡ, ಹಿಂದಿನ ಸಾಲಲ್ಲಿದ್ದ ರಿಟೈರ್‌ಮೆಂಟ್ ಹತ್ರ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಒಬ್ರು ಕೈ ಎತ್ತಿದ್ರು. "ಮೇಡಂ, ಚೆಕ್‌ಪೋಸ್ಟ್ ಡ್ಯೂಟಿ ಕುಟ್ಟದಲ್ಲೂ ಮಾಡಿದ್ದೀನಿ ಮಾಕುಟ್ಟದಲ್ಲೂ ಮಾಡಿದ್ದೀನಿ. ಬೀಟೆ ಮರ ಹಿಡಿದಿದ್ದೀನಿ, ಗಾಂಜಾ ಹಿಡಿದಿದ್ದೀನಿ. ಮನುಷ್ಯರನ್ನ ಕದ್ದು ಸಾಗಿಸೋದು ಒಂದೂ ಸಿಕ್ಕಿಲ್ಲ" ಅಂದ್ರು. ಹಾಲ್ ಪೂರ್ತಿ ನಕ್ತು, ನಾನೂ ನಕ್ಕೆ, ಆದ್ರೆ ಮನೆಗೆ ಬರೋ ದಾರೀಲಿ ಬಸ್ಸಲ್ಲಿ ಕೂತು ಯೋಚನೆ ಮಾಡಿದ್ರೆ ಆ ಮನುಷ್ಯ ಹೇಳಿದ್ರಲ್ಲಿ ತಪ್ಪೇನಿದೆ ಅನ್ನಿಸ್ತು. ‘ಕಳ್ಳಸಾಗಣೆ’ ಅಂದ್ರೆ ಅವ್ರ ಕಣ್ಣಿಗೆ ಬರೋದು ಟಾರ್ಪಾಲ್ ಮುಚ್ಚಿದ ಲಾರಿ. ನಮ್ಮ ಕಡೆ ನಡೆಯೋದು ಹಾಗೆ ಅಲ್ವೇ ಅಲ್ಲ, ಇಲ್ಲಿ ಒಳ್ಳೆ ಕೆಲಸ, ಅಡ್ವಾನ್ಸ್ ಅಂತ ನಂಬಿದೋರು ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತ್ಕೊಂಡೇ ಬರ್ತಾರೆ, ಬಂದ ಮೇಲೆ ಸಾಲದಲ್ಲಿ ಸಿಕ್ಕಿಬೀಳ್ತಾರೆ.

ನಾನು ದಕ್ಷಿಣ ಕೊಡಗಲ್ಲಿ ಒಂದು ಚಿಕ್ಕ ಸಂಸ್ಥೇಲಿ ಇದ್ದೀನಿ, ಆದಿವಾಸಿಗಳ ಹಾಡಿಗಳು ಮತ್ತೆ ತೋಟದ ಕೆಲಸದವರು ಇರೋ ಲೈನ್ ಮನೆಗಳೇ ನನ್ನ ಕೆಲಸದ ಜಾಗ. ತೋಟದವರೆಲ್ಲಾ ಕೆಟ್ಟೋರು ಅಂತ ಬರೆಯೋಕೆ ಕೂತಿಲ್ಲ, ನಮ್ಮ ಮನೇಲೂ ಎರಡು ಎಕರೆ ಕಾಫಿ ಇದೆ, ಕುಯ್ಲಿಗೆ ಜನ ಸಿಗದೆ ಹಣ್ಣು ಉದುರೋದು ನೋಡೋ ಸಂಕಟ ನಂಗೂ ಗೊತ್ತು.

ಮೊದಲು ಜಾಗೃತಿ ಕಥೆ ಹೇಳ್ಬಿಡ್ತೀನಿ, ಯಾಕಂದ್ರೆ ಅದ್ರಲ್ಲಿ ನಾವು ಮಾಡಿದ ತಪ್ಪೇ ಜಾಸ್ತಿ. ಶುರುವಲ್ಲಿ ನಮ್ಮ ಪೋಸ್ಟರ್ ಹೇಗಿತ್ತು ಅಂದ್ರೆ, ಕಪ್ಪು ನೆರಳು, ಅಳೋ ಹುಡುಗಿ, ಕೆಳಗೆ ‘ಅಪರಿಚಿತರ ಬಗ್ಗೆ ಎಚ್ಚರ’. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್ ಮೆಸೇಜ್ ಹಬ್ಬಿ, ಬೀದರ್ ಜಿಲ್ಲೇಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನ ಜನ ಹೊಡೆದು ಸಾಯಿಸಿದ್ರಲ್ಲ, ಅದೇ ಸಮಯದಲ್ಲಿ ನಮ್ಮ ಪೋಸ್ಟರ್ ಅಂಟಿಸಿದ್ದ ಒಂದು ಹಾಡೀಲಿ ಕಂಬಳಿ ಮಾರೋಕೆ ಬಂದೋನನ್ನ ಕೂಡಿ ಹಾಕಿದ್ರು. ಅವನ ಪುಣ್ಯ, ಅಂಗನವಾಡಿ ಟೀಚರ್ ಬಂದು ಬಿಡಿಸಿದ್ರು. ಅವತ್ತೇ ಉಳಿದ ಬಂಡಲ್ ಪೂರ್ತಿ ಒಲೆಗೆ ಹಾಕಿದೆ. ಹುಡುಗೀರನ್ನ ‘ಮನೆ ಕೆಲಸ, ಒಳ್ಳೆ ಸಂಬಳ, ಮೊಬೈಲ್ ಕೊಡಿಸ್ತಾರೆ’ ಅಂತ ಕರ್ಕೊಂಡು ಹೋಗೋದು ಅತ್ತೆ ಮಗನೋ ಪಕ್ಕದ ಹಾಡಿ ಅಕ್ಕನೋ ಆಗಿರ್ತಾರೆ, ನಾವು ನೋಡಿದ್ರೆ ಕಂಬಳಿ ಮಾರೋನಿಗೆ ಹೆದರೋದು ಕಲಿಸ್ತಾ ಇದ್ವಿ.

ಆಮೇಲೆ ಪೋಸ್ಟರ್ ಬಿಟ್ಟು ಜೀಪ್ ಡ್ರೈವರ್‌ಗಳ ಹಿಂದೆ ಬಿದ್ದೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಅಸ್ಸಾಂ, ಬಂಗಾಳದಿಂದ ಬರೋರು ಬೆಂಗಳೂರಲ್ಲೋ ಮೈಸೂರಲ್ಲೋ ಇಳೀಬೇಕು, ಅಲ್ಲಿಂದ ಬಸ್ಸು, ಕೊನೆಗೆ ತೋಟಕ್ಕೆ ಜೀಪೇ ಗತಿ. ರಾತ್ರಿ ಎಷ್ಟು ಜನ ಬಂದ್ರು, ಯಾವ ಮೇಸ್ತ್ರಿ (ಕೆಲಸದವರನ್ನ ಒದಗಿಸೋ ಏಜೆಂಟ್) ಕರ್ಕೊಂಡು ಬಂದ, ಯಾವ ಲೈನ್ ಮನೆಯೋರು ಸಂತೆಗೆ ಬರೋದೇ ನಿಂತೋಯ್ತು, ಎಲ್ಲಾ ಅವ್ರಿಗೆ ಗೊತ್ತು, ಯಾರೂ ಕೇಳಿರ್ಲಿಲ್ಲ ಅಷ್ಟೇ. ಭಾನುವಾರ ಗೋಣಿಕೊಪ್ಪ ಸಂತೆ ದಿನ ಜೀಪ್ ಸ್ಟ್ಯಾಂಡಲ್ಲಿ ಟೀ ಕುಡೀತಾ ಮಾತಾಡೋದೇ ನಮ್ಮ ಜಾಗೃತಿ ಕಾರ್ಯಕ್ರಮ ಆಯ್ತು. ಬ್ಯಾನರ್ ಇಲ್ಲ, ಫೋಟೋ ಇಲ್ಲ, ಅದಕ್ಕೇ ಆಫೀಸಿಗೆ ರಿಪೋರ್ಟ್ ಬರೆಯೋದು ಮಾತ್ರ ದೊಡ್ಡ ತಲೆನೋವು.

ಈಗ ಸ್ಟೇಷನ್ ವಿಷಯ. ಪಿಪಿಟಿ ಕೈಬಿಟ್ಟ ಮೇಲೆ ಒಬ್ರು ಎಸ್‌ಐ ಸಹಾಯದಿಂದ ಬೆಳಿಗ್ಗೆ ರೋಲ್ ಕಾಲ್ ಮುಗಿದ ತಕ್ಷಣ ಹದಿನೈದು ನಿಮಿಷ ಸಿಗ್ತು, ವಾರಕ್ಕೊಂದ್ಸಲ. ಹಾಲಲ್ಲಿ ಇಡೀ ದಿನ ನಿದ್ದೆ ಮಾಡೋ ಬದಲು ನಿಂತ್ಕೊಂಡೇ ಹದಿನೈದು ನಿಮಿಷ, ಲೇಸು. ನಾನು ತಗೊಂಡು ಹೋಗಿದ್ದು ಸ್ಲೈಡ್ ಅಲ್ಲ, ಒಂದು ಅರ್ಜಿ, ಹೆಸರು ಊರು ಎಲ್ಲಾ ಅಳಿಸಿದ್ದು. ‘ನಮ್ಮ ತೋಟದ ಕೆಲಸದವನು 18,000 ರೂ. ಅಡ್ವಾನ್ಸ್ ಪಡೆದು ಹೆಂಡತಿ ಮಕ್ಕಳ ಸಮೇತ ಪರಾರಿಯಾಗಿರುತ್ತಾನೆ, ಪತ್ತೆ ಮಾಡಿ ಕೊಡಬೇಕಾಗಿ ಕೋರಿಕೆ.’ ಇದಕ್ಕೆ ಏನು ಮಾಡ್ತೀರಿ ಅಂತ ಕೇಳಿದೆ. "ಏನಿದೆ ಮೇಡಂ, ಫೋನ್ ಹಾಕಿ ಕರೆಸ್ತೀವಿ, ದುಡ್ಡು ಕೊಡು ಇಲ್ಲಾ ಕೆಲಸಕ್ಕೆ ಹೋಗು ಅಂತೀವಿ, ರಾಜಿ ಮಾಡಿಸಿ, ಅರ್ಜಿ ಮುಗೀತು ಅಂತ ಹಿಂಬರಹ ಕೊಟ್ಟು ಕಳಿಸ್ತೀವಿ" ಅಂದ್ರು ಒಬ್ರು ಎಎಸ್‌ಐ. ಒಳ್ಳೆ ಮನುಷ್ಯ, ನಿಜವಾಗ್ಲೂ ಸಹಾಯ ಮಾಡಿದೆ ಅಂತಾನೇ ಅಂದ್ಕೊಂಡಿದ್ರು.

ಆಗ ಜೀತ ಪದ್ಧತಿ ರದ್ದತಿ ಕಾಯ್ದೆ ತೆಗೆದೆ, 1976ರದ್ದು. ಸಾಲ ಕೊಟ್ಟಿದ್ದೆಲ್ಲಾ ಜೀತ ಅಲ್ಲ, ಅದನ್ನ ಮೊದಲೇ ಹೇಳ್ಬಿಟ್ಟೆ. ಆದ್ರೆ ಸಾಲ ತೀರೋವರೆಗೂ ಬೇರೆ ಕಡೆ ಕೆಲಸಕ್ಕೆ ಹೋಗೋ ಹಾಗಿಲ್ಲ, ಇಲ್ಲಾ ಆಚೆ ಓಡಾಡೋ ಹಾಗಿಲ್ಲ, ಇಲ್ಲಾ ಕನಿಷ್ಠ ಕೂಲಿನೂ ಸಿಗ್ತಿಲ್ಲ ಅಂದ್ರೆ ಆ ಸಾಲ ಕಾನೂನಿನ ಲೆಕ್ಕದಲ್ಲಿ ಸತ್ತೋದ ಸಾಲ. ಅದನ್ನ ವಸೂಲಿ ಮಾಡಿದ್ರೆ ವಸೂಲಿ ಮಾಡಿದೋನಿಗೇ 3 ವರ್ಷದವರೆಗೆ ಜೈಲು, ಅದಕ್ಕೆ ಕುಮ್ಮಕ್ಕು ಕೊಟ್ಟೋರಿಗೂ ಅಷ್ಟೇ. ಕೆಲಸದವರು ಪರಿಶಿಷ್ಟ ಪಂಗಡದವರಾದ್ರೆ, ನಮ್ಮಲ್ಲಿ ಎರವರು, ಜೇನು ಕುರುಬರು ಹಾಗೇ ತಾನೆ, ಅಟ್ರಾಸಿಟಿ ಕಾಯ್ದೆನೂ ಸೇರ್ಕೊಳ್ಳುತ್ತೆ. "ಅಂದ್ರೆ ಕರ್ಕೊಂಡು ಬಂದು ಒಪ್ಪಿಸಿದ ನಾನೇ..." ಅಂತ ಎಎಸ್‌ಐ ಅರ್ಧಕ್ಕೆ ನಿಲ್ಲಿಸಿದ್ರು. ಅವತ್ತು ಯಾರೂ ನಗಲಿಲ್ಲ.

ಮುಂದಿನ ವಾರ ಒಂದು ಆಟ. ನಾನು ಕೆಲಸದೋಳು, ನೆಲದ ಮೇಲೆ ಕೂತೆ, ಪಕ್ಕದಲ್ಲಿ ನಮ್ಮ ಸಂಸ್ಥೆ ಹುಡುಗ ಮೇಸ್ತ್ರಿ ಆಗಿ ನಿಂತ. ಒಬ್ರು ಕಾನ್‌ಸ್ಟೇಬಲ್ ಬಂದು "ಏನಮ್ಮಾ, ನೀನಾಗೇ ಒಪ್ಕೊಂಡು ಬಂದ್ಯಾ?" ಅಂದ್ರು. ಹೂಂ ಅಂದೆ. "ತೊಂದರೆ ಇದ್ಯಾ?" ಇಲ್ಲ ಅಂದೆ. ಎನ್‌ಕ್ವೈರಿ ಮುಗೀತು! ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಯಾರು ತಾನೆ ಬೇರೆ ಹೇಳ್ತಾರೆ. ಅದೂ ಅಲ್ದೆ ಮಾನವ ಕಳ್ಳಸಾಗಣೆಗಿದ್ದ ಹಳೇ ಸೆಕ್ಷನ್ ಐಪಿಸಿ 370 ಇದ್ದಾಗ್ಲೂ ಅಷ್ಟೇ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್ 143ರಲ್ಲೂ ಅಷ್ಟೇ, ಮೋಸ, ಬೆದರಿಕೆ, ಆಮಿಷದಿಂದ ಕರ್ಕೊಂಡು ಬಂದಿದ್ರೆ ಅವ್ರು ಒಪ್ಪಿದ್ರೋ ಬಿಟ್ರೋ ಲೆಕ್ಕಕ್ಕೇ ಇಲ್ಲ ಅಂತ ಸೆಕ್ಷನ್ ಒಳಗೇ ಬರೆದಿದೆ. ಹಾಗಾಗಿ ಪ್ರಶ್ನೆಗಳನ್ನೇ ಬದಲಾಯಿಸಿದ್ವಿ. ಮೇಸ್ತ್ರಿನ ಟೀ ಕುಡಿಯೋಕೆ ಅಂತ ದೂರ ಕಳಿಸಿ. ಆಮೇಲೆ ಕೇಳಿ, ಆಧಾರ್ ಯಾರ ಹತ್ರ ಇದೆ? ಅಡ್ವಾನ್ಸ್ ಎಷ್ಟು, ಎಷ್ಟು ತೀರಿದೆ? ಕೂಲಿ ಯಾರ ಕೈಗೆ ಬರುತ್ತೆ? ಕೊನೇ ಸಲ ಊರಿಗೆ ಹೋಗಿದ್ದು ಯಾವಾಗ? ಎರವರ ಮಾತು ಬರೋ ಒಬ್ಳು ಆಶಾ ಕಾರ್ಯಕರ್ತೆ ನಂಬರ್, ಬಂಗಾಳಿ ಬರೋ ಒಬ್ಬ ಹೋಟೆಲ್ ಹುಡುಗನ ನಂಬರ್ ಸ್ಟೇಷನ್ ಗೋಡೆಗೆ ಅಂಟಿಸಿದ್ವಿ, ತುರ್ತು ಸಹಾಯದ 112 ಮತ್ತೆ ಮಕ್ಕಳ ಸಹಾಯವಾಣಿ 1098 ಪಕ್ಕದಲ್ಲೇ.

ಒಂದು ವಿಷಯದಲ್ಲಿ ನಂಗೆ ಇನ್ನೂ ಸಿಟ್ಟಿದೆ. ಬಿಡಿಸಿದ ಮೇಲೆ ಎಸಿ (ಅಸಿಸ್ಟೆಂಟ್ ಕಮಿಷನರ್) ಅಥ್ವಾ ಡಿಸಿ ಕಡೆಯಿಂದ, ಇವ್ರು ಜೀತದಿಂದ ಬಿಡುಗಡೆ ಆದೋರು ಅನ್ನೋ ಬಿಡುಗಡೆ ಪತ್ರ ಸಿಗ್ಬೇಕು, ಅದಿದ್ರೆ ಸರ್ಕಾರದಿಂದ ತಕ್ಷಣಕ್ಕೆ 30,000 ರೂ.ವರೆಗೆ ಸಿಗುತ್ತೆ. ದೊಡ್ಡ ಮೊತ್ತ 1 ಲಕ್ಷ, ಹೆಂಗಸರು ಮಕ್ಕಳಿಗೆ 2, ತೀರಾ ಕ್ರೂರ ಕೇಸಾದ್ರೆ 3, ಆದ್ರೆ ಅದು ಅಪರಾಧಿಗೆ ಶಿಕ್ಷೆ ಆದ ಮೇಲೆ. ಕೇಸ್ ಮುಗಿಯೋವರೆಗೂ ಆ ಸಂಸಾರ ಏನು ತಿನ್ಬೇಕು? ಮತ್ತೆ ಅದೇ ಮೇಸ್ತ್ರಿ ಹತ್ರ ಅಡ್ವಾನ್ಸ್ ತಗೊಂಡೋರನ್ನ ನಾನೇ ನೋಡಿದ್ದೀನಿ. ಎಫ್‌ಐಆರ್ ಆದ ದಿನವೇ ಬಿಡುಗಡೆ ಪತ್ರಕ್ಕೆ ಲೆಟರ್ ಬರೀರಿ ಅಂತ ಸ್ಟೇಷನ್ ರೈಟರ್‌ಗಳ ತಲೆ ತಿನ್ನೋದು ಅದಕ್ಕೇ.

ಹೋದ ಕುಯ್ಲು ಟೈಮಲ್ಲಿ ಒಂದು ಭಾನುವಾರ ಸಂಜೆ ಅದೇ ಎಎಸ್‌ಐ ಫೋನ್ ಮಾಡಿದ್ರು. "ಮೇಡಂ, ಜೀಪ್ನೋನು ಹೇಳ್ದ ಅಂತ ಒಂದು ಲೈನ್ ಮನೆಗೆ ಬಂದಿದ್ದೀನಿ. ಮೇಸ್ತ್ರಿನ ಟೀಗೆ ಕಳಿಸಿದ್ದೀನಿ. ಆರು ಜನ, ಆಧಾರ್ ಒಬ್ರ ಹತ್ರನೂ ಇಲ್ಲ. ಆ ಹೋಟೆಲ್ ಹುಡುಗ ಫೋನ್ ಎತ್ತುತ್ತಿಲ್ಲ, ಬೇರೆ ಯಾರಾದ್ರೂ ಇದ್ದಾರಾ?" ಹುಡುಗ ಸಂತೇಲೇ ಇದ್ದ, ಹುಡುಕಿ ಜೀಪ್ ಹತ್ತಿಸಿ ಕಳಿಸಿದೆ. ಈಗ ಆ ಎಎಸ್‌ಐಗೆ ಟ್ರಾನ್ಸ್‌ಫರ್ ಆಗಿದೆ. ಹೊಸಬ್ರು ಬಂದಿದ್ದಾರೆ, ಸೋಮವಾರ ರೋಲ್ ಕಾಲ್‌ಗೆ ಅದೇ ಹಳೇ ಅರ್ಜಿ ಜೆರಾಕ್ಸ್ ಮಾಡಿಸಿ ಇಟ್ಕೊಂಡಿದ್ದೀನಿ.