ಸೈಲೆನ್ಸರ್‌ಗೆ ಹೀಟ್ ಕವರ್: ಮನೇಲಿ ಮಾಡೋದಾ, ಕೊಳ್ಳೋದಾ?

ಬೈಕ್ ಸೈಲೆನ್ಸರ್‌ಗೆ ಕಾಲು ತಾಗಿ ಬೊಬ್ಬೆ ಎದ್ದ ಮೇಲೇನೇ ಎಲ್ರಿಗೂ ಹೀಟ್ ಕವರ್ ನೆನಪಾಗೋದು, ಆಮೇಲೆ ಶುರುವಾಗುತ್ತೆ ಪ್ರಯೋಗ. ನನ್ನ ಫ್ರೆಂಡ್ ಒಬ್ಬ ಹಳೇ ಜೀನ್ಸ್ ಹರಿದು ಬೆಂಡ್ ಪೈಪಿಗೆ (ಎಂಜಿನ್ನಿಂದ ಸೈಲೆನ್ಸರ್‌ಗೆ ಹೋಗೋ ಬಾಗಿದ ಪೈಪ್) ಸುತ್ತಿ ತಂತಿ ಬಿಗಿದಿದ್ದ, ಒಂದು ರೌಂಡ್ ಹೋಗಿ ಬರೋಷ್ಟರಲ್ಲಿ ದಟ್ಟ ಹೊಗೆ, ಕುಡಿಯೋ ನೀರಿನ ಬಾಟ್ಲಿ ಪೂರ್ತಿ ಸುರಿದು ಆರಿಸಿದ್ವಿ. ಬಟ್ಟೆ, ರಟ್ಟು, ಪ್ಲಾಸ್ಟಿಕ್ ಟ್ಯಾಗ್ ಯಾವ್ದೂ ಆ ಬಿಸಿಗೆ ನಿಲ್ಲಲ್ಲ.

ನನ್ನ ಪ್ರಕಾರ ಕಾಲಿಗೆ ಅಡ್ಡ ಇರೋ ಶೀಲ್ಡ್ ಮನೇಲೇ ಮಾಡ್ಕೊಳ್ಳಿ, ಬಿಸಿ ತಡೆಯೋಕೆ ಪೈಪಿಗೆ ಸುತ್ತೋ ಟೇಪ್ ಮಾತ್ರ ಕೊಂಡ್ಕೊಳ್ಳಿ. ಶೀಲ್ಡ್ ಸುಲಭ. ಅಲ್ಯುಮಿನಿಯಂ ಶೀಟ್ ಬಾಗಿಸಿ, ಪೈಪಿಂದ ಒಂದು ಬೆರಳಷ್ಟು ದೂರ ನಿಲ್ಲೋ ಹಾಗೆ ಸ್ಟೀಲ್ ವಾಷರ್ ಪೇರಿಸಿ, ಹೋಸ್ ಕ್ಲಿಪ್ ಹಾಕಿ ಬಿಗೀರಿ. ಆ ಸಂದೀಲಿರೋ ಗಾಳಿನೇ ಬಿಸಿ ತಡೆಯೋದು, ಶೀಟ್ ಪೈಪಿಗೆ ಅಂಟಿದ್ರೆ ಅದೂ ಅಷ್ಟೇ ಸುಡುತ್ತೆ.

ಟೇಪಲ್ಲಿ ಮುಖ್ಯವಾಗಿ ಎರಡು ಥರ, ಗ್ಲಾಸ್ ಫೈಬರ್ ಮತ್ತೆ ಬಸಾಲ್ಟ್. 'ಟೈಟಾನಿಯಂ' ಅಂತ ಮಾರೋದು ಬಹುಪಾಲು ಬಸಾಲ್ಟ್ ಕಲ್ಲಿನ ನಾರು, ಲೋಹ ಅಂದ್ಕೊಂಡು ಜಾಸ್ತಿ ದುಡ್ಡು ಕೊಡ್ಬೇಡಿ. ಹಳೇ ಆಸ್‌ಬೆಸ್ಟಾಸ್ ಹಗ್ಗ ಎಲ್ಲಾದ್ರೂ ಸಿಕ್ಕಿದ್ರೆ ಮುಟ್ಟಲೇಬೇಡಿ, ಅದರ ಧೂಳು ಕ್ಯಾನ್ಸರ್ ತರುತ್ತೆ.

ಈಗ ಎಲ್ರೂ ಕೆಡಿಸೋ ಹಂತ, ಸುತ್ತೋದು. ಪೈಪ್ ಬೈಕಲ್ಲೇ ಇಟ್ಟು ಸುತ್ತಕ್ಕೆ ಹೋಗ್ಬೇಡಿ, ಬಿಚ್ಚಿ, ಗ್ರೀಸ್ ತುಕ್ಕು ಎಲ್ಲ ಒರೆಸಿ. ಗ್ಲೌಸ್, ತುಂಬು ತೋಳು, ಮಾಸ್ಕ್ ಬೇಕೇ ಬೇಕು. ನಾನು ಮೊದಲ್ನೇ ಸಲ ಬರಿಗೈಲಿ ಸುತ್ತಿ ಎರಡು ದಿನ ಕೈ ಕೆರ್ಕೊಂಡಿದ್ದೀನಿ. ಗ್ಲಾಸ್ ಫೈಬರ್ ಆದ್ರೆ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಮೆತ್ತಗಾಗುತ್ತೆ, ನಾರು ಹಾರಲ್ಲ, ಒಣಗಿದ ಮೇಲೆ ಬಿಗಿಯಾಗಿ ಕೂರುತ್ತೆ. ಶುರು ಮಾಡೋದು ಕೆಳಗಿಂದ, ಅಂದ್ರೆ ಮಫ್ಲರ್ (ಸೈಲೆನ್ಸರ್ ಡಬ್ಬಿ) ಕಡೆಯಿಂದ, ಎಂಜಿನ್ ಕಡೆಗೆ ಮೇಲಕ್ಕೆ ಹೋಗಿ. ಹಂಚು ಹೊದಿಸೋರು ಕೆಳಗಿಂದ ಮೇಲಕ್ಕೆ ಹೊದಿಸ್ತಾರಲ್ಲ, ಅದೇ ಲೆಕ್ಕ, ಮೇಲಿನ ಸುತ್ತು ಕೆಳಗಿಂದರ ಮೇಲೆ ಕೂತ್ರೆ ನೀರು ಸಂದಿಗೆ ಇಳಿಯಲ್ಲ. ಮೊದಲ ಸುತ್ತಿಗೆ ಸ್ಟೇನ್‌ಲೆಸ್ ಸ್ಟೀಲ್ ಟೈ (ಬಿಗಿಯೋ ಪಟ್ಟಿ) ಹಾಕಿ, ರೋಲನ್ನ ಒಬ್ರು ಎಳೆದು ಹಿಡೀಲಿ, ನೀವು ಪೈಪನ್ನೇ ತಿರುಗಿಸ್ತಾ ಹೋಗಿ, ಎಳೆತ ಒಂಚೂರೂ ಸಡಿಲ ಆಗ್ಬಾರ್ದು. ಪ್ರತಿ ಸುತ್ತೂ ಹಿಂದಿಂದರ ಮೇಲೆ 6 ಎಂಎಂ ಕೂತ್ರೆ ಸಾಕು, ಅರ್ಧಕ್ಕರ್ಧ ಹೊದಿಸೋದು ದಂಡ. ಬಾಗು ಬಂದಾಗ ಒಳಗಡೆ ಟೇಪ್ ಗುಪ್ಪೆಯಾಗುತ್ತೆ, ಹೊರಗಡೆ ಸಂದಿ ಬಿಡುತ್ತೆ, ಅದಕ್ಕೆ ಆ 6 ಎಂಎಂ ಲೆಕ್ಕ ಹೊರಗಡೆನೇ ನೋಡ್ಕೊಳ್ಳಿ, ಒಳಗಿನ ಗುಪ್ಪೆ ಹೇಗೂ ಕಾಣಲ್ಲ. ಪೈಪಲ್ಲಿ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿರೋ ಆಮ್ಲಜನಕ ಅಳೆಯೋದು) ಇದ್ರೆ ಅದನ್ನ ಮುಚ್ಬೇಡಿ. ಕೊನೆ ತುದಿನ ಒಳಗೆ ಮಡಚಿ ಇನ್ನೊಂದು ಟೈ.

ಪೈಪ್ ಫಿಟ್ ಮಾಡಿ ಬಯಲಲ್ಲಿ ಸ್ಟಾರ್ಟ್ ಮಾಡಿ. ಮೊದಮೊದಲು ಹೊಗೆ ವಾಸನೆ ಬರುತ್ತೆ, ಗಾಬರಿ ಬೇಡ. ತಣ್ಣಗಾದ ಮೇಲೆ ಟೈಗಳನ್ನ ಇನ್ನೊಂದ್ಸಲ ಬಿಗೀರಿ. ಮಳೇಲಿ ನೆಂದ ಬೈಕನ್ನ ವಾರಗಟ್ಟಲೆ ಹಾಗೇ ನಿಲ್ಲಿಸ್ಬೇಡಿ, ಒಂದು ರೌಂಡ್ ಓಡಿಸಿ ಒಣಗಿಸಿ, ಇಲ್ಲಾಂದ್ರೆ ಟೇಪ್ ಒಳಗೆ ನೀರು ನಿಂತು ಪೈಪ್ ತುಕ್ಕು ಹಿಡಿಯುತ್ತೆ, ತೂತು ಬೀಳೋವರೆಗೂ ಗೊತ್ತೇ ಆಗಲ್ಲ.