‘ಬೆಂಗಳೂರು’ ‘ಬಗಳರ’ ಆಗದಂತೆ ಕೋಡ್ ಬರೆಯುವುದು

ಬಡಾವಣೆಗಳ ಹೆಸರು, ಜನರ ಹೆಸರು ಕನ್ನಡದಲ್ಲೇ ತೆಗೆದುಕೊಳ್ಳುವ ಆ್ಯಪ್ ಕಟ್ಟುತ್ತಿದ್ದರೆ ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ‘ಬೆಂಗಳೂರು’ ಓದುವವರ ಕಣ್ಣಿಗೆ 4 ಅಕ್ಷರ. ಪೈಥಾನ್ ಭಾಷೆಯ ಪ್ರೋಗ್ರಾಂ ಎಣಿಸಿದರೆ 8, ಯಾಕೆಂದರೆ ಎತ್ವ, ಸೊನ್ನೆ, ಊತ್ವ, ಉತ್ವ ಒಂದೊಂದೂ ಬೇರೆ ಕೋಡ್ ಪಾಯಿಂಟ್, ಅಂದರೆ ಯೂನಿಕೋಡ್ ಪಟ್ಟಿಯಲ್ಲಿ ತನ್ನದೇ ಸಂಖ್ಯೆ ಇರುವ ಚಿಹ್ನೆ. ಪಠ್ಯವನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ಡೇಟಾಬೇಸ್ ಕಾಲಂನ ಅಳತೆ ಬೈಟ್‌ನಲ್ಲಿದೆಯೋ ಕ್ಯಾರೆಕ್ಟರ್‌ನಲ್ಲಿದೆಯೋ ನೋಡಿಕೊಂಡೇ ಮಿತಿ ಹಾಕಿ.

ಹೆಚ್ಚು ಹಾನಿ ಮಾಡುವುದು ರೆಜೆಕ್ಸ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ. ‘ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನು ತೆಗೆ’ ಎಂದು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w) ಬಳಸಿ ಬರೆದ ಸಾಲು ಹಲವು ಪ್ರಾಜೆಕ್ಟ್‌ಗಳಲ್ಲಿ ಸಿಗುತ್ತದೆ. ಪೈಥಾನ್‌ನ ಮೂಲ ರೆಜೆಕ್ಸ್ ಮಾಡ್ಯೂಲ್‌ಗೆ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರವೇ ಅಲ್ಲ. ಅವನ್ನೆಲ್ಲ ಕಿತ್ತು ‘ಬಗಳರ’ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಡೀ ಪದವೇ ಹೋಗುತ್ತದೆ. ಪೈಥಾನ್‌ನಲ್ಲಾದರೆ ಕನ್ನಡದ ಇಡೀ ಶ್ರೇಣಿಯನ್ನು, ಅಂದರೆ 3200ರಿಂದ 3327ರವರೆಗೆ, ನೇರವಾಗಿ ಸೇರಿಸಿ. ಜೊತೆಗೆ 8204, 8205 ಕೂಡ ಬೇಕು. ಇವೆರಡು ಅಕ್ಷರಗಳು ಕೂಡುವ ಬಗೆಯನ್ನು ಹೇಳುವ, ಕಣ್ಣಿಗೆ ಕಾಣದ ಜಾಯಿನರ್‌ಗಳು. ‘ಸಾಫ್ಟ್‌ವೇರ್’ನಲ್ಲಿ 8204 ಬಿದ್ದುಹೋದರೆ ‘ವೇ’ ಹೋಗಿ ‘ಟ’ಕ್ಕೆ ಒತ್ತಾಗುತ್ತದೆ. ‘ರ‍್ಯಾಂಕ್’ನಲ್ಲಿ 8205 ಇಲ್ಲದಿದ್ದರೆ ‘ರ’ ಅರ್ಕಾವತ್ತಾಗುತ್ತದೆ.

ಹುಡುಕಾಟದ ತೊಂದರೆ ಇನ್ನೊಂದು ಬಗೆಯದು. ‘ಕೋರಮಂಗಲ’ದ ‘ಕೋ’ದಲ್ಲಿರುವ ಓತ್ವ ಒಂದೇ ಕೋಡ್ ಪಾಯಿಂಟ್ ಆಗಿರಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಡೇಟಾ ಒಳಗೆ ಬರುವ ಬಾಗಿಲಲ್ಲೇ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದಾಗಿಸಿದ) ರೂಪಕ್ಕೆ ನಾರ್ಮಲೈಸ್ ಮಾಡಿ, ಹುಡುಕುವ ಪದಕ್ಕೂ ಅದನ್ನೇ ಮಾಡಿ. ಹುಡುಕಾಟಕ್ಕೆ ಬೇರೆ ಕಾಲಂ ಇಟ್ಟು ಅದರಲ್ಲಿ ಮಾತ್ರ ಜಾಯಿನರ್‌ಗಳನ್ನು ತೆಗೆಯಿರಿ. ತೋರಿಸುವ ಹೆಸರನ್ನು ಮುಟ್ಟಬೇಡಿ.

ಹೆಸರನ್ನು ಮೊಟಕು ಮಾಡುವಾಗ ‘ಕೃಷ್ಣಮೂರ್ತಿ’ಯನ್ನು 4 ಕೋಡ್ ಪಾಯಿಂಟ್‌ಗೆ ಕತ್ತರಿಸಿದರೆ ಉಳಿಯುವುದು ‘ಕೃಷ್’. ಒಬ್ಬರ ಹೆಸರನ್ನು ಹೀಗೆ ತೋರಿಸುವುದು ಅಗೌರವ. ಪದವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಒಡೆಯುವ ಗ್ರಾಫೀಮ್ ಲೈಬ್ರರಿ ಬಳಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ: ಹಲವು ಲೈಬ್ರರಿಗಳು ‘ಸ್ತ್ರೀ’ಯನ್ನು ‘ಸ್’, ‘ತ್’, ‘ರೀ’ ಎಂದು ಮೂರು ಮಾಡುತ್ತವೆ. ತುಂಡು ಹಲಂತ ಚಿಹ್ನೆಯಲ್ಲಿ (‘ಸ್’ನಲ್ಲಿರುವಂಥದ್ದು) ಮುಗಿದರೆ ಮುಂದಿನದಕ್ಕೆ ಅಂಟಿಸಿ, 8204ರಲ್ಲಿ ಮುಗಿದರೆ ಬೇಡ. ಇಷ್ಟು ಮಾಡಿದರೆ ಒತ್ತಕ್ಷರ ಒಡೆಯುವುದಿಲ್ಲ.

ಕೋಡ್ ಪಾಯಿಂಟ್ ಪ್ರಕಾರ ವಿಂಗಡಿಸಿದರೆ ‘ಬಳೇಪೇಟೆ’ ಮೊದಲು, ‘ಬಸವನಗುಡಿ’ ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ಯೂನಿಕೋಡ್‌ನಲ್ಲಿ ‘ಲ’ದ ಬೆನ್ನಿಗೇ. ಕನ್ನಡದ ಕೊಲೇಶನ್ (ವಿಂಗಡಣೆಯ ನಿಯಮ) ಹಾಕಿ, ಈ ಎರಡು ಹೆಸರನ್ನೇ ಕೊಟ್ಟು ಪರೀಕ್ಷಿಸಿ.

ಬಟನ್‌ಗಳಿಗೆ ಎತ್ತರ ಕಟ್ಟಿಹಾಕಬೇಡಿ, ‘ಮಲ್ಲೇಶ್ವರ’ದ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್‌ಗೆ ಲೈನ್ ಹೈಟ್ 1.6ರಿಂದ ಶುರುಮಾಡಿ ನೋಡಿ. ಲೆಟರ್ ಸ್ಪೇಸಿಂಗ್ ಸೊನ್ನೆಯೇ ಇರಲಿ.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಪಟ್ಟಿ ಕೈಗೆ ಬಂದರೆ ಅದು ಯೂನಿಕೋಡ್ ಅಲ್ಲ. ಪರಿವರ್ತಿಸಿ, ಒಂದೊಂದು ಹೆಸರನ್ನೂ ಕಣ್ಣಲ್ಲಿ ನೋಡಿ, ಆಮೇಲೆ ಡೇಟಾಬೇಸ್‌ಗೆ ಹಾಕಿ.

ಎಸ್ಎಂಎಸ್ ಕಳಿಸುವುದಿದ್ದರೆ ಖರ್ಚು ಬೇರೆ ಲೆಕ್ಕ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಕ್ಯಾರೆಕ್ಟರ್, ಕನ್ನಡದಲ್ಲಿ 70. ಅದನ್ನು ದಾಟಿದರೆ 67ರ ತುಂಡುಗಳಾಗುತ್ತವೆ, ಕಾಗುಣಿತದ ಚಿಹ್ನೆಗಳೂ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ.